ಬೆಂಚು ಬಿಡಿಸುವ ಮೊದಲು ಕಟ್ಟೆ ಅಳೆಯಲಿ

ಪ್ರಶ್ನೆ: ನಾನು ಮಧ್ಯ ಕರ್ನಾಟಕದ ಒಂದು ಡಿಸೈನ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ಸಲ ಮೂರನೇ ವರ್ಷದ 24 ಮಕ್ಕಳಿಗೆ ಊರಿನ ಸಾರ್ವಜನಿಕ ಜಾಗಗಳಿಗೆ ಬೇಕಾದ ಬೆಂಚು, ಆಸನ, ತಂಗುದಾಣದ ಸ್ಟುಡಿಯೋ (ಡಿಸೈನ್ ಮಾಡುತ್ತಾ ಕಲಿಯುವ ತರಗತಿ) ನನ್ನ ಪಾಲಿಗೆ ಬಂದಿದೆ. ಹೋದ ವರ್ಷ ಇದನ್ನೇ ಮಾಡಿಸಿದೆ. ಬಂದದ್ದೆಲ್ಲ ಜೇನುಗೂಡು, ಅಲೆ, ಎಲೆ ಆಕಾರದ ಬೆಂಚುಗಳು. ಅರ್ಧದಷ್ಟಕ್ಕೆ ಸೋಲಾರ್ ಪ್ಯಾನೆಲ್, ಮೊಬೈಲ್ ಚಾರ್ಜರ್. ನೋಡಲು ಚೆಂದವೇ, ಆದರೆ ಒಂದೂ ನಮ್ಮೂರಲ್ಲಿ ನಿಲ್ಲುವಂಥದ್ದು ಅನ್ನಿಸಲಿಲ್ಲ. ಎಲ್ಲಿಂದ ಶುರು ಮಾಡಲಿ, ಮಾರ್ಕ್ಸ್ ಹೇಗೆ ಕೊಡಲಿ ಸರ್?

ಉತ್ತರ: ಮೊದಲ ಎರಡು ವಾರ ಅವರ ಪೆನ್ಸಿಲ್ ಕಿತ್ತುಕೊಳ್ಳಿ ಮೇಡಂ. ಲ್ಯಾಪ್‌ಟಾಪ್ ಅಂತೂ ಬೇಡವೇ ಬೇಡ.

ಒಬ್ಬೊಬ್ಬರ ಕೈಗೂ 5 ಮೀಟರಿನ ಟೇಪು, ಒಂದು ನೋಟ್‌ಬುಕ್ಕು ಕೊಟ್ಟು ಬೀದಿಗೆ ಕಳಿಸಿ. ಕೂರಲಿ ಅಂತ ಯಾರೂ ಮಾಡಿಲ್ಲ, ಆದರೂ ಜನ ಕೂರುತ್ತಾರೆ, ಅಂಥ 20 ಜಾಗ ಹುಡುಕಿಕೊಂಡು ಬರಬೇಕು. ಬಾಗಿಲು ಹಾಕಿದ ಅಂಗಡಿಯ ಮೆಟ್ಟಿಲು, ಮೋರಿ ಮೇಲಿನ ಚಪ್ಪಡಿ, ಬ್ಯಾಂಕಿನ ಮೋಟು ಕಾಂಪೌಂಡು, ನಿಲ್ಲಿಸಿದ ಬೈಕಿನ ಸೀಟು, ಬೋರಲು ಹಾಕಿದ ಹಾಲಿನ ಕ್ರೇಟು. ಪ್ರತಿಯೊಂದಕ್ಕೂ ಎತ್ತರ ಎಷ್ಟು, ಆಳ ಎಷ್ಟು, ನೆರಳು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಬೆನ್ನ ಹಿಂದೆ ಏನಿದೆ, ಕಣ್ಣೆದುರು ಏನಿದೆ, ಕೂತವರು ಯಾರು, ಎಷ್ಟು ಹೊತ್ತು ಕೂತರು ಅಂತ ಬರೆದುಕೊಳ್ಳಬೇಕು. ಬೆಳಗ್ಗೆ 6ಕ್ಕೆ, ಮಧ್ಯಾಹ್ನ 1ಕ್ಕೆ, ಸಂಜೆ 5ಕ್ಕೆ, ರಾತ್ರಿ 8ಕ್ಕೆ, ನಾಲ್ಕು ಹೊತ್ತೂ ಹೋಗಬೇಕು. ರಾತ್ರಿ 8ಕ್ಕೆ ಅದೇ ಜಾಗದಲ್ಲಿ ಹೆಂಗಸರು ಎಷ್ಟು ಜನ ಉಳಿದಿದ್ದಾರೆ ಅಂತ ಎಣಿಸಿದರೆ ಒಂದು ಇಡೀ ತರಗತಿಗೆ ಆಗುವಷ್ಟು ಮಾತು ಅಲ್ಲೇ ಸಿಗುತ್ತದೆ. ಕೇಳದೆ ಯಾರ ಫೋಟೋನೂ ತೆಗೆಯಬಾರದು ಅಂತ ಮೊದಲೇ ಹೇಳಿಬಿಡಿ. ಕಡ್ಡಿ ಗೊಂಬೆ ಬಿಡಿಸಿದರೆ ಸಾಕು.

ಯಾಕೆ ಇಷ್ಟೆಲ್ಲ ಅಂದರೆ, ನಿಮ್ಮ ಮಕ್ಕಳು ಬೆಂಚನ್ನು ಒಂದು ವಸ್ತು ಅಂದುಕೊಂಡಿದ್ದಾರೆ. ಮನೆಯ ಸೋಫಾ ವಸ್ತು ಹೌದು, ಯಾರು ಕೂರಬೇಕು ಅನ್ನೋದನ್ನು ಮನೆಯವರು ನೋಡಿಕೊಳ್ಳುತ್ತಾರೆ. ಬೀದಿಯಲ್ಲಿ ಹಾಗಿಲ್ಲ. ಅಲ್ಲಿ ಯಾರು ಎಷ್ಟು ಹೊತ್ತು ಇರಬಹುದು ಅನ್ನೋದನ್ನು ಬೆಂಚೇ ಹೇಳುತ್ತದೆ. ಆ ಮಾತನ್ನು ಬೆಂಚಿನ ಬಾಯಿಗೆ ಹಾಕುವವರು ನಾವು.

ಇದನ್ನು ಮಕ್ಕಳಿಗೆ ಅರ್ಥ ಮಾಡಿಸಲು ನಾನು ಅವರನ್ನು ದರ್ಶಿನಿಗೆ ಕರೆದುಕೊಂಡು ಹೋಗುತ್ತಿದ್ದೆ. ಕಾಫಿ ನನ್ನ ಖರ್ಚು, ಪಾಠ ದರ್ಶಿನಿಯದ್ದು. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಹೋಟೆಲುಗಳಲ್ಲಿ ಕುರ್ಚಿ ಇಲ್ಲ, ಮೊಳಕೈ ಎತ್ತರದ ಟೇಬಲ್ ಮಾತ್ರ. ನಿಂತುಕೊಂಡು ಇಡ್ಲಿ ತಿನ್ನುತ್ತೇವೆ, ಹತ್ತು ನಿಮಿಷಕ್ಕೆ ಕಾಲು ‘ಹೊರಡು’ ಅನ್ನುತ್ತದೆ. ಯಾವ ಬೋರ್ಡೂ ಇಲ್ಲ, ಯಾರೂ ಗದರುವುದಿಲ್ಲ. ಟೇಬಲ್ಲಿನ ಎತ್ತರವೇ ಜಾಗ ಖಾಲಿ ಮಾಡಿಸುತ್ತದೆ. ಅಲ್ಲಿಂದ ನೇರ ಹತ್ತಿರದ ಅರಳಿಕಟ್ಟೆಗೆ ಹೋಗಿ. ಕಟ್ಟೆ ಯಾರಿಗೂ ಹೊರಡು ಅನ್ನುವುದಿಲ್ಲ. ಎರಡೂ ಒಳ್ಳೆಯ ಡಿಸೈನೇ. ಎರಡಕ್ಕೂ ತಾನು ಏನು ಹೇಳುತ್ತಿದ್ದೇನೆ ಅನ್ನೋದು ಗೊತ್ತು.

ಕಟ್ಟೆ ಅಂದ ಕೂಡಲೇ ಮಕ್ಕಳು ಭಾವುಕರಾಗುತ್ತಾರೆ, ಸ್ವಲ್ಪ ಎಚ್ಚರ. ‘ನಮ್ಮ ಸಂಸ್ಕೃತಿ’ ಅಂತ ಒಂದು ಶೀಟು, ಅದರ ಮೇಲೆ ಹಸಿರು ಬಣ್ಣದ ಮರ ಬಂದೇ ಬರುತ್ತದೆ. ಆಗ ಕೇಳಿ, ಆ ಕಟ್ಟೆ ಮೇಲೆ ಯಾರು ಕೂರುತ್ತಿದ್ದರು, ಯಾರು ಕೂರುವಂತಿರಲಿಲ್ಲ ಅಂತ. ಎಷ್ಟೋ ಊರುಗಳಲ್ಲಿ ದಲಿತರು ಕಟ್ಟೆ ಹತ್ತುವಂತಿರಲಿಲ್ಲ. ಹೆಣ್ಣುಮಕ್ಕಳು ಪೂಜೆಗೆ ಬಂದು ಸುತ್ತು ಹಾಕಿ ಹೋಗುತ್ತಿದ್ದರೇ ಹೊರತು ಸಂಜೆ ಹರಟೆಗೆ ಅಲ್ಲಿ ಕೂರುತ್ತಿರಲಿಲ್ಲ. ಕಟ್ಟೆಯಿಂದ ಕಲಿಯಬೇಕಾದ್ದು ಅಳತೆ. ಅಲ್ಲಿನ ಪದ್ಧತಿಯನ್ನು ಹೊಸದಾಗಿಯೇ ಬರೆಯಬೇಕು.

ಅಳತೆಯ ವಿಷಯದಲ್ಲಿ ಕಟ್ಟೆಗಿಂತ ನನಗೆ ಇಷ್ಟವಾದ ಉದಾಹರಣೆ ಹೊರೆಗಲ್ಲು. ಹಳೆಯ ದಾರಿಗಳ ಪಕ್ಕ ಈಗಲೂ ಅಲ್ಲಲ್ಲಿ ಉಳಿದಿದೆ: ಎರಡು ಕಲ್ಲು ನೆಟ್ಟು ಮೇಲೊಂದು ಅಡ್ಡಗಲ್ಲು ಇಟ್ಟಿರುತ್ತಾರೆ, ಅಷ್ಟೇ. ತಲೆ ಮೇಲೆ ಸೌದೆಯೋ ಹುಲ್ಲೋ ಹೊತ್ತು ಬರುವವರು ಇನ್ನೊಬ್ಬರ ಕೈ ಇಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ಒಬ್ಬರೇ ತಲೆಗೆ ಎತ್ತಿಕೊಳ್ಳಬಹುದು. ಅದು ನೆಲದ ಮಟ್ಟದಲ್ಲಿದ್ದರೆ ಕೆಲಸಕ್ಕೆ ಬಾರದು, ತಲೆಗಿಂತ ಎತ್ತರವಿದ್ದರೂ ಬಾರದು. ಅದರಲ್ಲಿ ಅಲಂಕಾರ ಇಲ್ಲ, ಆಕಾರವನ್ನು ಯಾರೂ ‘ಯೋಚಿಸಿಲ್ಲ’. ಹೊರೆ ಹೊತ್ತವರ ಕುತ್ತಿಗೆ ಆ ಎತ್ತರವನ್ನು ಹೇಳಿದೆ. ಇವತ್ತಿನ ಹೊರೆಗಲ್ಲು ಎಲ್ಲಿರಬೇಕು ಅಂತ ಮಕ್ಕಳನ್ನು ಕೇಳಿನೋಡಿ. ನನ್ನ ಒಬ್ಬ ವಿದ್ಯಾರ್ಥಿನಿ ತರಕಾರಿ ಮಾರುಕಟ್ಟೆಯ ಬಸ್ ಸ್ಟಾಪಿಗೆ ಬೆಂಚೇ ಮಾಡಲಿಲ್ಲ. ಚೀಲ ಇಡಲು ಸೊಂಟದ ಎತ್ತರದ ಒಂದು ಹಲಗೆ ಮಾಡಿದಳು. ಅಲ್ಲಿ ಬಸ್ಸು ಐದು ನಿಮಿಷಕ್ಕೊಂದು, ಜನ ಕೂರುವುದಿಲ್ಲ, ಆದರೆ ಎರಡೂ ಕೈಯಲ್ಲಿ ಭಾರ. ಆ ವರ್ಷ ನನಗೆ ತುಂಬ ಖುಷಿ ಕೊಟ್ಟ ಕೆಲಸ ಅದು.

ಈಗ ದೇಹದ ಅಳತೆಗೆ ಬರೋಣ. ಪಠ್ಯದಲ್ಲಿರುವ ಬೆಂಚಿನ ಲೆಕ್ಕ ಹೆಚ್ಚಾಗಿ ಪಶ್ಚಿಮದವರ ದೇಹದ ಲೆಕ್ಕ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) 1997ರಲ್ಲೇ ಭಾರತೀಯರ ದೇಹದ ಅಳತೆಗಳನ್ನು ಪ್ರಕಟಿಸಿದೆ, ಅದನ್ನು ತರಿಸಿಕೊಳ್ಳಿ. ಅದನ್ನು ಓದುವಾಗ ಮಕ್ಕಳು ಮಾಡುವ ತಪ್ಪು ಒಂದೇ, ಸರಾಸರಿ ಅಂಕಿ ಹಿಡಿಯುವುದು. ಮೊಣಕಾಲಿನ ಹಿಂಬದಿಯ ಸರಾಸರಿ ಎತ್ತರಕ್ಕೆ ಆಸನ ಇಟ್ಟರೆ ಹೆಚ್ಚುಕಡಿಮೆ ಅರ್ಧ ಜನರ ಪಾದ ನೆಲ ಮುಟ್ಟುವುದಿಲ್ಲ. ಹಾಗಾಗಿ ಎತ್ತರಕ್ಕೆ ಕುಳ್ಳಗಿನ ಹೆಂಗಸರ ಅಳತೆ ಹಿಡಿಯಬೇಕು, ಅಗಲಕ್ಕೆ ದಪ್ಪಗಿರುವವರದ್ದು. ಅಷ್ಟಕ್ಕೇ ಮುಗಿಯಿತೇ? ಇಲ್ಲ. ಕುಳ್ಳಗಿನವರಿಗೆ 40 ಸೆಂ.ಮೀ. ಹಿತ, ಆದರೆ ಮಂಡಿನೋವಿನ ಅಜ್ಜಿಗೆ ಅಷ್ಟು ತಗ್ಗಿನಿಂದ ಏಳಲು ಆಗುವುದಿಲ್ಲ, ಅವರಿಗೆ 45ಕ್ಕಿಂತ ಸ್ವಲ್ಪ ಜಾಸ್ತಿಯೇ ಬೇಕು. ಇಬ್ಬರಿಗೂ ಒಂದೇ ಬೆಂಚು ಸಾಲದು ಅನ್ನುವುದೇ ಇದಕ್ಕೆ ಉತ್ತರ. ಹಳೆಯ ಕಟ್ಟೆಯಲ್ಲಿ ಇದು ತಾನಾಗಿ ಬಗೆಹರಿದಿರುತ್ತದೆ: ಮೆಟ್ಟಿಲ ಮೇಲೆ ಮಕ್ಕಳು, ಅಂಚಿನಲ್ಲಿ ಕಾಲು ಇಳಿಬಿಟ್ಟವರು, ಒಳಗಡೆ ಚಕ್ಕಳಮಕ್ಕಳ ಹಾಕಿದವರು.

ಚಕ್ಕಳಮಕ್ಕಳ ಅಂದೆನಲ್ಲ, ಅದನ್ನು ಮರೆಯಬೇಡಿ. ನಮ್ಮ ಜನ ಚಪ್ಪಲಿ ಬಿಟ್ಟು ಕಾಲು ಮೇಲೆತ್ತಿಕೊಂಡು ಕೂರುತ್ತಾರೆ. 40 ಸೆಂ.ಮೀ. ಆಳದ ಬೆಂಚಿನಲ್ಲಿ ಅದು ಆಗುವುದಿಲ್ಲ, 60-70 ಬೇಕು. ಮಕ್ಕಳ ನೋಟ್‌ಬುಕ್ ತೆಗೆದು ನೋಡಿ, ಜನ ಜಾಸ್ತಿ ಹೊತ್ತು ಕೂತ ಜಾಗಗಳೆಲ್ಲ ಆಳವಾದವೇ ಆಗಿರುತ್ತವೆ.

ಇದನ್ನೆಲ್ಲ ಹೇಳಿ ಕೊಟ್ಟರೆ ತಲೆಗೆ ಹೋಗುವುದಿಲ್ಲ, ಇಟ್ಟಿಗೆ ತರಿಸಿ. 90 ಮಿ.ಮೀ. ದಪ್ಪದ ಮಾಡ್ಯುಲರ್ ಇಟ್ಟಿಗೆ ಆದರೆ ಲೆಕ್ಕ ಸುಲಭ. ನಾಲ್ಕು ವರಸೆಗೆ 36 ಸೆಂ.ಮೀ., ಐದಕ್ಕೆ 45, ಆರಕ್ಕೆ 54. ಗಾರೆ ಬೇಡ, ಸುಮ್ನೆ ಜೋಡಿಸಿ ಮೇಲೊಂದು ದಪ್ಪ ಪ್ಲೈವುಡ್ ಇಟ್ಟರೆ ಅರ್ಧ ಗಂಟೆಯಲ್ಲಿ ಮೂರು ಬೆಂಚು. ಆಮೇಲೆ ಕಾಲೇಜಿನ ಸುತ್ತಮುತ್ತಲಿನ ಅಜ್ಜ ಅಜ್ಜಿಯರನ್ನು, ಅಡುಗೆಮನೆಯ ಸಿಬ್ಬಂದಿಯನ್ನು, ವಾಚ್‌ಮನ್‌ನನ್ನು ಚಹಾಕ್ಕೆ ಕರೆಯಿರಿ. ಕೂರಿಸಿ, ಎಬ್ಬಿಸಿ. ಒಂದು ಸಲ ಹೀಗೆ ಬಂದಿದ್ದ ಒಬ್ಬ ಅಜ್ಜಿ 36ರ ಬೆಂಚಿನ ಮೇಲೆ ಕೂತವರು ಏಳಲಾರದೆ ಪಕ್ಕದಲ್ಲಿ ನಿಂತಿದ್ದ ಹುಡುಗನ ಹೆಗಲು ಹಿಡಿದುಕೊಂಡರು. ಅವನೇ ಹಿಂದಿನ ದಿನ ‘ಕೈಯಾಸರೆ ಇಟ್ಟರೆ ಲೈನ್ ಕೆಡುತ್ತೆ ಸರ್’ ಅಂತ ವಾದ ಮಾಡಿದವನು. ನಾನು ಏನೂ ಹೇಳಬೇಕಾಗಲಿಲ್ಲ.

ಇನ್ನು ಆ ಕೈಯಾಸರೆ. ಈ ಸ್ಟುಡಿಯೋದ ಹೊಟ್ಟೆಯೊಳಗಿನ ಜಗಳವೇ ಇದು, ಒಂದು ಇಡೀ ವಾರ ಕೊಡಿ. ಬೆಂಚಿನ ನಡುವೆ ಒಂದು ಕಬ್ಬಿಣದ ಕೈ ಇದ್ದರೆ ವಯಸ್ಸಾದವರು ಅದನ್ನು ಊರಿ ಏಳುತ್ತಾರೆ. ಅದೇ ಕೈ ಇದ್ದರೆ ರಾತ್ರಿ ಯಾರೂ ಮಲಗಲು ಆಗುವುದಿಲ್ಲ. ಬೆಂಚು ಹಾಕಿಸುವವರು ಕೇಳುವುದು ಹೆಚ್ಚಾಗಿ ಎರಡನೆಯ ಕಾರಣಕ್ಕೆ, ಕಾಗದದಲ್ಲಿ ಬರೆಯುವುದು ಮೊದಲನೆಯ ಕಾರಣ. ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ 2012ರಲ್ಲಿ ಒಂದು ಕಾಂಕ್ರೀಟ್ ಬೆಂಚು ಹಾಕಿದರು. ಎಲ್ಲ ಮುಖವೂ ಇಳಿಜಾರು. ಮಲಗಲು ಆಗದು, ಸ್ಕೇಟ್‌ಬೋರ್ಡ್ ಉಜ್ಜಲು ಆಗದು, ಮಾದಕ ವಸ್ತು ಬಚ್ಚಿಡಲು ಸಂದಿಯೂ ಇಲ್ಲ. ಏನೇನು ಆಗಬಾರದೋ ಅದರ ಪಟ್ಟಿ ಹಿಡಿದುಕೊಂಡೇ ಮಾಡಿದ ಬೆಂಚು ಅದು. ಆ ಪಟ್ಟಿಯ ಮಟ್ಟಿಗೆ ಅದರಷ್ಟು ಪಕ್ಕಾ ಕೆಲಸ ಇನ್ನೊಂದಿಲ್ಲ, ಅದಕ್ಕೇ ತರಗತಿಯಲ್ಲಿ ತೋರಿಸಬೇಕು. ಕೂರುವವರ ಸುಖ ಆ ಪಟ್ಟಿಯಲ್ಲಿ ಎಷ್ಟನೆಯದು ಅಂತ ಕೇಳಿ ಸುಮ್ಮನಾಗಿ.

ಆಮೇಲೆ ಲೆಕ್ಕ ಕೊಡಿ. 180 ಸೆಂ.ಮೀ. ಬೆಂಚಿಗೆ ನಡುವೆ ಸರಿಯಾಗಿ ಒಂದು ಕೈ ಇಟ್ಟರೆ ಎರಡು ಕಡೆ 90-90. ಮಲಗುವುದಿರಲಿ, ತಾಯಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಲೂ ಇಕ್ಕಟ್ಟು. ಅದೇ ಕೈಯನ್ನು ಒಂದು ತುದಿಯಿಂದ 60ಕ್ಕೆ ಸರಿಸಿದರೆ ಅಜ್ಜನಿಗೆ ಆಸರೆ ಸಿಕ್ಕಿತು, ಇನ್ನೊಂದು ಕಡೆ 120 ಉಳಿಯಿತು, ಮಗು ಮಲಗಬಹುದು, ಚೀಲ ಇಡಬಹುದು. ಬೆಂಚು 240 ಆದರೆ 60 ಬಿಟ್ಟು 180 ಉಳಿಯುತ್ತದೆ, ದೊಡ್ಡವರೂ ಕಾಲು ಚಾಚಬಹುದು. ಆಸ್ಪತ್ರೆ ಮುಂದೆ ಯಾವುದು, ಬ್ಯಾಂಕಿನ ಮುಂದೆ ಯಾವುದು? ಜಿಲ್ಲಾ ಆಸ್ಪತ್ರೆಯ ಹೊರಗೆ ರಾತ್ರಿಯಿಡೀ ಕಾಯುವ ರೋಗಿಯ ಕಡೆಯವರು ಎಲ್ಲಿ ಮಲಗಬೇಕು? ಮಕ್ಕಳು ಯಾವ ಕಡೆಯಾದರೂ ವಾದ ಮಾಡಲಿ, ನನ್ನ ಅಭಿಪ್ರಾಯ ಏನೇ ಇರಲಿ. ಆದರೆ ‘ಈ ಕೈ ಇಲ್ಲಿ ಯಾಕಿದೆ’ ಅಂತ ಡ್ರಾಯಿಂಗ್ ಮೇಲೆ ನಿಜವಾದ ಕಾರಣ ಬರೆಯಲೇಬೇಕು. ಮಲಗದಂತೆ ಮಾಡಲು ಅಂದರೆ ಹಾಗೇ ಬರೆಯಲಿ. ಬರೆಯಲು ಕೈ ನಡುಗಿದರೆ ಅಲ್ಲಿ ಕಲಿಕೆ ಶುರುವಾಯಿತು ಅಂತ ಲೆಕ್ಕ.

ಓದಿಸುವುದಾದರೆ, ನಗರದ ಜಾಗಗಳನ್ನು ಜನ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡಿದ ಅಮೆರಿಕದ ವಿಲಿಯಂ ಎಚ್. ವೈಟ್ ಒಬ್ಬರ ಕೆಲಸ ಸಾಕು. ನ್ಯೂಯಾರ್ಕ್‌ನಲ್ಲಿ 1961ರ ನಿಯಮದ ಪ್ರಕಾರ ಕಟ್ಟಡದ ಮುಂದೆ ಜನರಿಗೆ ಬಯಲು ಬಿಟ್ಟವರಿಗೆ ಹೆಚ್ಚುವರಿ ಮಹಡಿ ಕಟ್ಟಲು ಅನುಮತಿ ಸಿಗುತ್ತಿತ್ತು. ಬಯಲುಗಳೇನೋ ಬಂದವು, ಎಷ್ಟೋ ಕಡೆ ಜನ ಬರಲಿಲ್ಲ. ವೈಟ್ 1970ರ ದಶಕದಲ್ಲಿ ಎತ್ತರದಲ್ಲಿ ಕ್ಯಾಮೆರಾ ಇಟ್ಟು, ಯಾರು ಎಲ್ಲಿ ಎಷ್ಟು ಹೊತ್ತು ಇದ್ದರು ಅಂತ ಎಣಿಸಿದರು. ಬಿಸಿಲು, ಬಯಲಿನ ಆಕಾರ, ವಿಸ್ತೀರ್ಣ ಎಲ್ಲಕ್ಕಿಂತ ಕೂರಲು ಎಷ್ಟು ಜಾಗ ಇದೆ ಅನ್ನುವುದೇ ದೊಡ್ಡ ಕಾರಣ ಅಂತ ಗೊತ್ತಾಯಿತು. ಕೇಳಿದರೆ ಇದೇನು ದೊಡ್ಡ ವಿಷಯ ಅನ್ನಿಸುತ್ತದೆ, ಅಲ್ವಾ? ಆದರೆ ಎಣಿಸಿ ತೋರಿಸಿದ್ದರಿಂದಲೇ 1975ರಲ್ಲಿ ನಿಯಮ ಬದಲಾಯಿತು: 30 ಚದರ ಅಡಿ ಬಯಲಿಗೆ ಒಂದು ಅಡಿ ಉದ್ದದ ಕೂರುವ ಜಾಗ ಕಡ್ಡಾಯ. ಒಂದು ಅಡಿಯಿಂದ ಮೂರು ಅಡಿ ಎತ್ತರದ ಯಾವುದರ ಮೇಲಾದರೂ ಜನ ಕೂರುತ್ತಾರೆ ಅಂತಲೂ ಅವರು ಕಂಡುಕೊಂಡರು. ನಿಮ್ಮ ಮಕ್ಕಳ ಟೇಪೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ ನೋಡಿ. ಎತ್ತಿಡಬಹುದಾದ ಕುರ್ಚಿ ಸಿಕ್ಕರೆ ಜನ ಕೂರುವ ಮೊದಲು ಅದನ್ನು ಸುಮ್ನೆ ಎರಡು ಇಂಚಾದರೂ ಸರಿಸುತ್ತಾರೆ ಅನ್ನುವುದನ್ನೂ ಅವರು ಗಮನಿಸಿದ್ದರು. ಅಲ್ಲಿನ ಬ್ರಯಾಂಟ್ ಪಾರ್ಕಿನಲ್ಲಿ ಈಗ ಅಂಥ ಬಿಡಿ ಕುರ್ಚಿಗಳೇ ತುಂಬಿವೆ. ನಮ್ಮಲ್ಲಿ ಬಿಡಿ ಕುರ್ಚಿ ಇಟ್ಟರೆ ಸಂಜೆಗೆ ಗುಜರಿ ಅಂಗಡಿ ಸೇರುತ್ತೆ ಅಂತ ಮಕ್ಕಳು ನಗುತ್ತಾರೆ. ನಗಲಿ. ಚಹಾ ಅಂಗಡಿಯವರು ದಿನಾ ಬೆಳಗ್ಗೆ ಹಾಕಿ ರಾತ್ರಿ ಎತ್ತಿಡುವ ಪ್ಲಾಸ್ಟಿಕ್ ಸ್ಟೂಲೂ ಬಿಡಿ ಕುರ್ಚಿಯೇ, ನೋಡಿಕೊಳ್ಳಲು ಒಬ್ಬರಿದ್ದಾರೆ, ಅಷ್ಟೇ ವ್ಯತ್ಯಾಸ.

ಗುಂಪಾಗಿ ಕೂರುವುದು, ಒಂಟಿಯಾಗಿ ಕೂರುವುದರ ಬಗ್ಗೆ ಹೇಳುವಾಗ ಬಾರ್ಸಿಲೋನಾದ ಪಾರ್ಕ್ ಗುಯೆಲ್‌ನ ಹಾವಿನಂಥ ಬೆಂಚು ತೋರಿಸಿ. ಅದು ವಾಸ್ತುಶಿಲ್ಪಿ ಆಂಟೊನಿ ಗೌಡಿಯ ಪಾರ್ಕು, ಬೆಂಚಿಗೆ ಒಡೆದ ಟೈಲ್ಸ್ ಚೂರು ಕೂರಿಸಿದ ಕೆಲಸದಲ್ಲಿ ಅವರ ಜೊತೆಗಾರ ಜುಜೋಲ್ ಕೈ ದೊಡ್ಡದು. ಒಳಬಾಗಿದ ಕಡೆ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಹೊರಬಾಗಿದ ಕಡೆ ಕೂತವರು ಬೇರೆ ಬೇರೆ ದಿಕ್ಕಿಗೆ ತಿರುಗಿರುತ್ತಾರೆ. ಅಲೆಯ ಆಕಾರಕ್ಕೆ ಅಲ್ಲೊಂದು ಕೆಲಸ ಇದೆ. ನಿಮ್ಮ ಹೋದ ವರ್ಷದ ಅಲೆಗಳಿಗೆ ಏನು ಕೆಲಸ ಇತ್ತು ಅಂತ ಕೇಳಬಹುದು. (ಕೇಳುವಾಗ ಸ್ವಲ್ಪ ಮೆತ್ತಗೆ. ಮೂರನೇ ವರ್ಷದವರು ಬೇಗ ಬೇಸರ ಮಾಡಿಕೊಳ್ಳುತ್ತಾರೆ.)

ಸಾಮಗ್ರಿಯ ಬಗ್ಗೆ ನನ್ನದೇ ಒಂದು ಮೂರ್ಖತನ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಲಬುರಗಿ ಕಡೆಯ ಒಂದು ಬಸ್ ನಿಲ್ದಾಣಕ್ಕೆ ಸ್ಟೀಲಿನ ಆಸನ ಮಾಡಿಕೊಟ್ಟೆ. ತುಕ್ಕು ಹಿಡಿಯಲ್ಲ, ತೊಳೆಯಲು ಸುಲಭ, ಹೊಳೆಯುತ್ತೆ. ಜನವರಿಯಲ್ಲಿ ಬೆಂಗಳೂರಲ್ಲಿ ಕೂತು ಮಾಡಿದ ಡಿಸೈನು. ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ಬಿಸಿಲು 40 ಡಿಗ್ರಿ ದಾಟಿತ್ತು, ಸಾಲು ಸಾಲು ಆಸನ ಖಾಲಿ, ಜನ ಹಿಂದಿನ ಗೋಡೆಯ ನೆರಳಲ್ಲಿ ನೆಲದ ಮೇಲೆ ಟವೆಲ್ ಹಾಸಿ ಕೂತಿದ್ದರು. ಒಬ್ಬರು ಆಸನದ ಕಾಲಿಗೆ ಕುರಿ ಕಟ್ಟಿದ್ದರು. ಕುರಿಯೂ ನೆರಳಿಗೆ ಹಗ್ಗ ಜಗ್ಗುತ್ತಿತ್ತು.

ಕಲ್ಲು ನಮ್ಮ ಸೀಮೆಯ ದೊಡ್ಡ ಆಸ್ತಿ. ಸಾದರಹಳ್ಳಿಯ ಬೂದು ಗ್ರಾನೈಟ್, ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಎಲ್ಲ ಕೈಗೆಟುಕುವ ದೂರದಲ್ಲಿವೆ. 180 ಉದ್ದ, 45 ಅಗಲ, 10 ಸೆಂ.ಮೀ. ದಪ್ಪದ ಒಂದು ಚಪ್ಪಡಿ ಸುಮಾರು 220 ಕೆ.ಜಿ. ಕದಿಯಲು ಕ್ರೇನ್ ಬೇಕು, ಕೂರಿಸಲೂ ಬೇಕು, ಅದನ್ನು ಎಸ್ಟಿಮೇಟಿಗೆ ಸೇರಿಸಲು ಮಕ್ಕಳು ಮರೆಯುತ್ತಾರೆ. ಕಾಲುಗಳನ್ನು ತೀರ ತುದಿಗೆ ಇಡದೆ ಉದ್ದದ ಐದನೇ ಒಂದು ಭಾಗದಷ್ಟು ಒಳಗೆ ಇಟ್ಟರೆ ಕಲ್ಲಿನ ನಡುವೆ ಬೀಳುವ ಒತ್ತಡ ತುಂಬ ಕಡಿಮೆಯಾಗುತ್ತದೆ. ಮೇಲ್ಮೈಗೆ ಕನ್ನಡಿ ಪಾಲಿಶ್ ಬೇಡ, ನೀರು ಇಳಿಯುವಷ್ಟು ಸಣ್ಣ ಇಳುಕಲು ಬೇಕು. ಮರ ಹಾಕುವುದಾದರೆ ಅದು ನೆಲ ಮುಟ್ಟಬಾರದು, ಗೆದ್ದಲು ಕಾಯುತ್ತಿರುತ್ತದೆ. ಪಟ್ಟಿಗಳ ನಡುವೆ ಒಂದು ಸೆಂ.ಮೀ. ಸಂದಿ ಇರಲಿ. ಕಬ್ಬಿಣಕ್ಕೆ ವೆಲ್ಡಿಂಗು, ತೂತು ಎಲ್ಲ ಮುಗಿದ ಮೇಲೆ ಗ್ಯಾಲ್ವನೈಸ್ (ಸತುವಿನ ಲೇಪ) ಮಾಡಿಸಬೇಕು. ಮೊದಲೇ ಮಾಡಿಸಿ ಆಮೇಲೆ ತೂತು ಹೊಡೆದರೆ ತುಕ್ಕು ಅಲ್ಲಿಂದಲೇ ಹಿಡಿಯುತ್ತದೆ. ಮಂಗಳೂರು, ಕಾರವಾರದ ಕಡೆಗಾದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಲದು, ಉಪ್ಪುಗಾಳಿಗೆ 316 ದರ್ಜೆಯದ್ದು ಬೇಕು, ಬೆಲೆ ಜಾಸ್ತಿ. ಮರದ ಬುಡಕ್ಕೆ ಕಟ್ಟೆ ಕಟ್ಟುವವರಿಗೆ ಒಂದು ಮಾತು: ಕಾಂಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ತೆರೆದಿರಲಿ. ಸಿಮೆಂಟ್ ಮೆತ್ತಿದರೆ ಕೆಲವು ವರ್ಷಕ್ಕೆ ಕಟ್ಟೆ ಉಳಿದು ಮರ ಹೋಗುತ್ತದೆ.

ಎಲ್ಲಿ ಇಡಬೇಕು ಅನ್ನುವುದಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇಟ್ಟುಕೊಳ್ಳಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನಲ್ಲಿ ನಡೆಯಲು ಅಡ್ಡಿಯಿಲ್ಲದ 1.8 ಮೀಟರ್ ಉಳಿಯಬೇಕು. ಬೆಂಚು, ಕಸದ ಬುಟ್ಟಿ, ದೀಪದ ಕಂಬ ಎಲ್ಲ ಅದರ ಹೊರಗೆ. ಅಷ್ಟು ಉಳಿಯದಿದ್ದರೆ ಅಲ್ಲಿ ಬೆಂಚು ಬೇಡ, ಎಷ್ಟೇ ಚೆಂದ ಇದ್ದರೂ. ಬೆಂಚಿನ ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲಲು 90ಕ್ಕೆ 120 ಸೆಂ.ಮೀ. ಸಮತಟ್ಟು ಜಾಗ ಬಿಡಿಸಿ. ಬೆಂಚಿನ ಸಾಲಿನಲ್ಲೇ ಇರಬೇಕು, ಹಿಂದೆ ಎಲ್ಲೋ ಮೂಲೆಯಲ್ಲಲ್ಲ. ಜೊತೆಗೆ ಬಂದವರ ಪಕ್ಕ ಕೂರುವುದು ಎಲ್ಲರಿಗೂ ಬೇಕು.

ಎಂಟನೇ ವಾರದ ಹೊತ್ತಿಗೆ ಇಬ್ಬರನ್ನು ತರಗತಿಗೆ ಕರೆಸಿ. ಒಬ್ಬರು ನಗರಸಭೆಯ ಎಂಜಿನಿಯರ್, ಇನ್ನೊಬ್ಬರು ಆ ಬೀದಿ ಗುಡಿಸುವ ಪೌರಕಾರ್ಮಿಕರು. ಎಂಜಿನಿಯರ್ ಹೇಳುತ್ತಾರೆ, ನಿಮ್ಮ ಬೆಂಚು ಸರ್ಕಾರಿ ಕಾಮಗಾರಿಗಳ ದರಪಟ್ಟಿಯಲ್ಲಿ (ಎಸ್.ಆರ್.) ಇಲ್ಲದ ಐಟಂ, ಹಾಗಾಗಿ ದರ ವಿಶ್ಲೇಷಣೆ ಮಾಡಿ ಕೊಡಿ ಅಂತ. ಮಕ್ಕಳು ಕಲ್ಲು, ಕೂಲಿ, ಸಾಗಾಟ ಬಿಡಿಸಿ ಬರೆಯಲಿ, ಆಗ ಅರ್ಧ ಸೋಲಾರ್ ಪ್ಯಾನೆಲ್ ತಾವಾಗಿಯೇ ಉದುರುತ್ತವೆ. ಉಳಿದರ್ಧಕ್ಕೆ ‘ಬ್ಯಾಟರಿ ಹೋದರೆ ಯಾರು ಬದಲಿಸುತ್ತಾರೆ, ಹೆಸರು ಹೇಳಿ’ ಅನ್ನುವ ಪ್ರಶ್ನೆ ಸಾಕು. ಪೌರಕಾರ್ಮಿಕರು ಪೊರಕೆ ಹಿಡಿದು ತೋರಿಸುತ್ತಾರೆ, ಬೆಂಚಿನ ಕೆಳಗೆ ಪೊರಕೆ ಹೋಗುವಷ್ಟು ಸಂದಿ ಇರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ನಡುವಿನದ್ದರಲ್ಲಿ ಗುಟ್ಕಾ ಪೊಟ್ಟಣ ತುಂಬುತ್ತದೆ. ಅವರನ್ನು ಇನ್ನೊಂದು ಮಾತು ಕೇಳಿಸಿ: ಬೆಳಗಿನ ತಿಂಡಿ ಎಲ್ಲಿ ಕೂತು ತಿನ್ನುತ್ತೀರಿ ಅಮ್ಮ ಅಂತ. ಇಡೀ ಊರಿನ ಬೀದಿ ಗೊತ್ತಿರುವವರಿಗೆ ಕೂರಲು ಒಂದು ಜಾಗ ಇರುವುದಿಲ್ಲ. ನಾನು ನೋಡಿದ ಎರಡು ಬ್ಯಾಚಿನಲ್ಲಿ ಮಕ್ಕಳು ಆ ಉತ್ತರ ಕೇಳಿ ತಮ್ಮ ಜಾಗವನ್ನೇ ಬದಲಿಸಿದರು.

ಮಾರ್ಕ್ಸ್ ವಿಷಯ. ನಾನು 100ರಲ್ಲಿ 30 ಬೀದಿ ನೋಟ್‌ಬುಕ್ಕಿಗೆ, 40 ನಿಜ ಅಳತೆಯ ಮಾದರಿಗೆ, 20 ಎಸ್ಟಿಮೇಟಿಗೆ, ಉಳಿದ 10 ಮಾತ್ರ ಚಿತ್ರಕ್ಕೆ ಕೊಡುತ್ತಿದ್ದೆ. ಮಾದರಿಯ 40ರಲ್ಲಿ ಅರ್ಧವನ್ನು ಮೊದಲ ಮಾದರಿಗೆ ಕೊಡಬೇಡಿ, ಒಂದು ವಾರ ಜನರ ನಡುವೆ ಇಟ್ಟು ನೋಡಿದ ಮೇಲೆ ಏನು ಬದಲಾಯಿಸಿದರು ಅನ್ನೋದಕ್ಕೆ ಕೊಡಿ. 24 ಮಕ್ಕಳನ್ನು ನಾಲ್ಕು ನಾಲ್ಕರಂತೆ ಆರು ಗುಂಪು ಮಾಡಿದರೆ ಆರು ಮಾದರಿ, ಖರ್ಚೂ ಹಿಡಿತದಲ್ಲಿರುತ್ತದೆ. ರಸ್ತೆಯಲ್ಲಿ ಇಡಲು ಅನುಮತಿ ಪತ್ರ ಬೇಕಾಗುತ್ತದೆ, ಅದು ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಅದಕ್ಕೆ ಮೊದಲ ವರ್ಷ ನಿಮ್ಮ ಕಾಲೇಜಿನ ಕಾಂಪೌಂಡಿನಲ್ಲೇ ಮಾಡಿ, ಹೊರಗಿನವರೂ ಬಂದು ಕೂರುವ ಗೇಟಿನ ಪಕ್ಕ, ಕಾಲೇಜಿನ ಸ್ವಂತ ಜಾಗದಲ್ಲಿ. ಪ್ರಿನ್ಸಿಪಾಲರ ಒಪ್ಪಿಗೆ ಸಾಕು. ಗೇಟಿನ ಹೊರಗೆ ಆಟೋದವರು, ಹಣ್ಣು ಮಾರುವವರು ಈಗ ಎಲ್ಲಿ ಕೂರುತ್ತಿದ್ದಾರೆ ಅಂತ ನೋಡಿಕೊಂಡು ಹೋಗಿ, ಬಹುಶಃ ನಿಮ್ಮ ಕಾಂಪೌಂಡಿನ ಬುಡದ ಕಲ್ಲಿನ ಮೇಲೆಯೇ.

ನಿಮ್ಮ ಸೆಮಿಸ್ಟರ್ ಆಗಸ್ಟ್‌ನಲ್ಲಿ ಶುರುವಾಗುವುದಾದರೆ ಒಂದು ಅನುಕೂಲ ಇದೆ. ಜೋರು ಮಳೆ ಬಂದ ಮಾರನೇ ಬೆಳಗ್ಗೆ ಎಲ್ಲರನ್ನೂ ಊರಿನ ಪಾರ್ಕಿಗೆ ಕರೆದುಕೊಂಡು ಹೋಗಿ, ಈಗಿರುವ ಬೆಂಚುಗಳಲ್ಲಿ ನೀರು ಎಲ್ಲೆಲ್ಲಿ ನಿಂತಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ. ವಾಕಿಂಗ್ ಬಂದವರು ನ್ಯೂಸ್‌ಪೇಪರ್ ಹಾಸಿ ಕೂರುವುದು ಆ ಗುರುತಿನ ಹೊರಗೆ ಎಲ್ಲಿ ಅನ್ನುವುದನ್ನೂ ಬರೆದುಕೊಳ್ಳಲಿ. ಒಣಗಲು ಯಾವ ಬೆಂಚಿಗೆ ಎಷ್ಟು ಹೊತ್ತು ಬೇಕಾಯಿತು ಅಂತ 10 ಗಂಟೆಗೆ ಇನ್ನೊಂದು ಸುತ್ತು ಬರಬೇಕಾಗುತ್ತದೆ, ತಿಂಡಿ ವ್ಯವಸ್ಥೆ ಮಾಡಿಕೊಂಡೇ ಹೋಗಿ.